ಲೋಳೆ ಹತ್ತಿದ ನಾಣ್ಯ

ಪಾಲಿಶ್ ಮಾಮನಿಗೆ ಕೊಳೆ ಕಂಡರಾಗದು. ದೊಡ್ಡ ಹೋಟೆಲೊಂದರ ಹಿತ್ತಾಳೆ ಹಿಡಿಕೆ, ಮೆಟ್ಟಿಲ ಕಂಬಿಗಳನ್ನು ಉಜ್ಜಿ ಉಜ್ಜಿಯೇ ಅರ್ಧ ಆಯುಷ್ಯ ಸವೆಸಿದ ಜೀವ. ಮಂಕಾದ ಲೋಹ ಕಣ್ಣಿಗೆ ಬಿದ್ದರೆ ಸಾಕು, ಕೈ ತುರಿಸುತ್ತದೆ. ಅಂಥವನ ಮೇಜಿನ ಮೇಲೆ ಅವನ ಅಕ್ಕ ಒಂದು ಹಳೇ ಪ್ಲಾಸ್ಟಿಕ್ ಚೀಲ ತಂದಿಟ್ಟಳು. ಒಳಗೆ ತಾಮ್ರದ ನಾಣ್ಯ.

"ಅಪ್ಪ ಕೂಡಿಟ್ಟಿದ್ದರಲ್ಲಿ ಉಳಿದಿರೋದು ಇದೊಂದೇ. ಮಿಕ್ಕಿದ್ದೆಲ್ಲ ನೀನು ಮಾರ್ಕೊಂಡು ತಿಂದೆ. ಪ್ಲಾಸ್ಟಿಕ್ ಅಂಟ್ಕೊಂಡಿದೆ, ಇದನ್ನಾದ್ರೂ ತೊಳೆದು ಉಳಿಸ್ಕೊಡು. ಆಮೇಲೆ ನಮ್ಮನೆಗೆ ಬಾ, ಬೇಡ ಅನ್ನಲ್ಲ."

ನಾಣ್ಯದಂಗಡಿಯವರು ಹೇಳಿಕೊಟ್ಟದ್ದನ್ನೂ ಒಪ್ಪಿಸಿದಳು. ಗಾಜಿನ ಬಟ್ಟಲಲ್ಲಿ ಅಂಟು ಕರಗಿಸುವ ಅಸಿಟೋನ್ ದ್ರಾವಣ, ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಇರಕೂಡದು, ನೆನೆಸಿ ತೆಗೆದು ಬಟ್ಟೆಯಿಂದ ಮೆಲ್ಲಗೆ ಒತ್ತಬೇಕು, ಅಷ್ಟೆ.

"ಉಜ್ಜಬೇಡ ಕಣೋ. ನಿನ್ನ ಕೈ ನಂಗೊತ್ತು."

"ಅಯ್ಯೋ, ನಾನೇನು ಚಿಕ್ಕ ಮಗುನಾ? ಹೋಗು ನೀನು."

ಅಕ್ಕ ಹೋದ ಮೇಲೆ ಚೀಲ ಬಿಡಿಸಿದ. ಥೂ! ಪ್ಲಾಸ್ಟಿಕ್ಕೇ ಕರಗಿ ನಾಣ್ಯಕ್ಕೆ ಹಸಿರು ಲೋಳೆ ಮೆತ್ತಿಕೊಂಡಿತ್ತು. ನೆಗಡಿಯಾದ ಮಗುವಿನ ಗೊಣ್ಣೆಯಂತೆ ಎಳೆಎಳೆಯಾಗಿ ಬೆರಳಿಗೆ ಅಂಟಿತು, ಕೊಡವಿದರೆ ಬೀಳದು. ಅದರ ಹುಳಿ ನಾತ ಮೂಗಿಗೆ ಬಡಿಯಿತು. ಇಂಥ ಹೇಸಿಗೆಯನ್ನು ಅಪ್ಪ ಅಪರೂಪದ್ದೆಂದು ಜೋಪಾನ ಮಾಡಿದ್ದನೇ! ಮುಖ ಆಚೆ ತಿರುಗಿಸಿಕೊಂಡೇ ನಾಣ್ಯವನ್ನು ಬಟ್ಟಲಿಗೆ ಹಾಕಿದ.

ಲೋಳೆ ಬಿಟ್ಟಿತು, ತಳದಲ್ಲಿ ಹಸಿರು ಗಸಿ ಕೂತಿತು. ನಾಣ್ಯ ಮೇಲೆತ್ತಿ ಒತ್ತಿದ. ಗಾಢ ಕಂದು ಬಣ್ಣ, ಅದರ ಮೇಲಿನ ರಾಜನ ಗಡ್ಡದ ಒಂದೊಂದು ಕೂದಲೂ ನೆಟ್ಟಗೆ. ಕೆಲಸ ಮುಗಿದಿತ್ತು. ಆದರೆ ಆ ಪುಣ್ಯಾತ್ಮನಿಗೆ ಕಂದು ಎಂದರೂ ಕೊಳೆಯೇ. ಇಷ್ಟು ಹೇಸಿಕೊಂಡು ತೊಳೆದದ್ದು ಈ ಮಸಿ ಮುಖ ನೋಡುವುದಕ್ಕೋ? ಅಕ್ಕನ ಕೈಗೆ ಇದನ್ನು ಕೊಡುವುದಾದರೂ ಹೇಗೆ? ಅಂಚಿಗೊಂದಿಷ್ಟು ಹಿತ್ತಾಳೆ ಪಾಲಿಶ್ ಹಚ್ಚಿದ. ಅಂಚು ಮಿಂಚಿತು. ಆಮೇಲೆ ಅವನ ಕೈ ಅವನ ಮಾತು ಕೇಳಲಿಲ್ಲ.

ನಿಲ್ಲಿಸಿದಾಗ ನಾಣ್ಯ ಚರ್ಮ ಸುಲಿದ ಮಾಂಸದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಗಡ್ಡವೆಲ್ಲ ನುಣ್ಣಗಾಗಿ ರಾಜ ಬೋಳು ಗಲ್ಲದವನಾಗಿದ್ದ. ಹೊಳಪು ಕಂಡು ಅವನಿಗೆ ಹೇಸಿಗೆಯಾದದ್ದು ಅದೇ ಮೊದಲು. ಬಟ್ಟೆಯ ಕಪ್ಪು ಕಲೆ ಕಂಡದ್ದೇ ಅದನ್ನು ಬಿಸುಟು ಕಿಟಕಿಯತ್ತ ಓಡಿದ.

ಸಂಜೆ ಅಕ್ಕ ಬಂದಳು. ಮೇಜಿನ ಮೇಲಿದ್ದುದನ್ನು ಎತ್ತಿ ನೋಡಿ ಹಾಗೇ ಕೆಳಗಿಟ್ಟಳು.

"ಇದ್ಯಾರದ್ದೋ? ಅಪ್ಪಂದು ಎಲ್ಲಿ?"

"ಇನ್ನೂ ನೆನೀತಾ ಇದ್ಯಾ?" ಎನ್ನುತ್ತ ಅಕ್ಕ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡಳು. ಬಳೆ ಮೇಲೇರಿಸಿ, ಆ ಹಸಿರು ಗಸಿಯೊಳಗೆ ಬೆರಳಾಡಿಸುತ್ತ ಹುಡುಕತೊಡಗಿದಳು.