ನಾಲ್ಕನೆಯ ತಟ್ಟೆ

ಊಟ ಮುಗಿದ ಮೇಲೆ ಆ ಮನೆಯಲ್ಲಿ ಯಾರೂ ತಟ್ಟೆ ಎತ್ತುತ್ತಿರಲಿಲ್ಲ; ಅವಳ ಕಡೆಗೆ ಸರಿಸುತ್ತಿದ್ದರು. ಗಂಡ ಬ್ರೆಡ್ಡಿನ ಅರ್ಧ ತುಂಡು ಬಿಟ್ಟು ಕೈ ತೊಳೆಯಲು ಏಳುವನು. ಮಗಳು ಆಲೂಗೆಡ್ಡೆಯನ್ನೆಲ್ಲ ಒಂದು ಮೂಲೆಗೆ ದೂಡಿ ಫೋನು ಹಿಡಿಯುವಳು. ಅತ್ತೆ "ಇವತ್ತು ಯಾಕೋ ಸೇರಲಿಲ್ಲ ಕಣೆ" ಎನ್ನುವರು. ಅವಳು ಒಲೆಯ ಪಕ್ಕ ನಿಂತುಕೊಂಡೇ ಮೂರು ತಟ್ಟೆಗಳನ್ನೂ ಖಾಲಿ ಮಾಡಿ, ಪಾತ್ರೆಯ ತಳದ ಅನ್ನವನ್ನೂ ಬಳಿದು ಬಾಯಿಗೆ ಹಾಕಿಕೊಂಡು ನಲ್ಲಿ ತಿರುಗಿಸುವಳು. ಬಿಸಾಡಲು ಅವಳಿಗೆ ಕೈ ಬರುತ್ತಿರಲಿಲ್ಲ. ಊಟ ಆಯಿತೇ ಎಂದು ಯಾರಾದರೂ ಕೇಳಿದರೆ "ನನ್ನದೇನು ಬಿಡಿ, ಆಯ್ತು" ಎನ್ನುವಳು.

"ಇವಳು ಊಟಾನೇ ಮಾಡಲ್ಲ, ಆದ್ರೂ ಊದ್ತಾಳೆ. ಗಾಳಿ ಕುಡೀತಾಳೋ ಏನೋ!" ಎಂದು ಗಂಡ ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಗದೆ ಹೋದರೆ ಮಾತು ಬೆಳೆಯುತ್ತದಲ್ಲ.

ಅವಳ ಕೆಲಸ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವುದು. ಅಲ್ಲಿ ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ. ಒಂದು ಬೆಳಿಗ್ಗೆ ಮಾಲೀಕ ಅವಳ ಮೇಜಿನ ಹತ್ತಿರ ಬಂದು, ಹೇಳಲೋ ಬೇಡವೋ ಎನ್ನುವಂತೆ ಒಂದು ಅಂಗಿಯ ಗುಂಡಿ ತಿರುವುತ್ತ ನಿಂತ.

"ಅಕ್ಕಾ, ಕೆಳಗಡೆ ಹೊಸ ಮಿಷನ್ನು ಬರ್ತಿವೆ. ಇಸ್ತ್ರಿ ಕೆಲಸ ಎಲ್ಲಾ ಮೂರನೇ ಮಹಡಿಗೆ. ಬುಟ್ಟೀನೂ ಹೊತ್ಕೊಂಡೇ ಹತ್ತಬೇಕು."

"ಹತ್ತಿದ್ರಾಯ್ತು."

"ಮೊನ್ನೆ ಮೊದಲನೇ ಮಹಡಿಗೇ ನೀವು ಗೋಡೆ ಹಿಡ್ಕೊಂಡು ಕೂತ್ಬಿಟ್ರಲ್ಲ. ನಿಮ್ಮ ಕೈ ಕೆಲಸ ಬೇರೆಯವರಿಗೆ ಬರಲ್ಲ, ಒಪ್ತೀನಿ. ಆದ್ರೆ ಮೆಟ್ಟಿಲಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಮಿಷನ್ನು ಬರೋದ್ರೊಳಗೆ ಹತ್ತೋಕಾಗತ್ತಾ ನೋಡಿ. ಆಗಲ್ಲ ಅಂದ್ರೆ..."

ಆ ಕೆಲಸ ಹೋದರೆ ಅವಳಿಗೆ ಉಳಿಯುವುದು ಒಲೆ ಮತ್ತು ನಲ್ಲಿ. ಸುಕ್ಕಾದ ಬಟ್ಟೆ ಕಾವಿನ ಕೆಳಗೆ ನೆಟ್ಟಗಾಗುವುದನ್ನು ನೋಡುವ ಸುಖ ಮನೆಯಲ್ಲಿ ಎಲ್ಲಿ ಸಿಗಬೇಕು? ಮರುದಿನದಿಂದ ಅವಳು ಮೈ ಇಳಿಸಲೆಂದು ಪಕ್ಕದ ಮನೆಯಾಕೆಯ ಮಾತು ಕೇಳಿ ನಿಂಬೆರಸ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಎರಡು ದಿನ ಹೇಗೋ ತಳ್ಳಿದಳು. ಮೂರನೆಯ ದಿನ ಇಸ್ತ್ರಿಪೆಟ್ಟಿಗೆ ಹಿಡಿದಿದ್ದಂತೆಯೇ ಕಣ್ಣು ಕತ್ತಲೆ ಬಂತು. ಯಾರದೋ ಬಿಳಿ ಅಂಗಿ ಸುಟ್ಟಿತು, ಪುಣ್ಯಕ್ಕೆ ಅವಳ ಕೈ ಸುಡಲಿಲ್ಲ.

ಬೀದಿಯ ಕೊನೆಯ ಚಿಕಿತ್ಸಾಲಯದಲ್ಲಿ ಒಬ್ಬ ನರ್ಸಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು.

"ದಿನಾ ಏನು ಊಟ ಮಾಡ್ತೀರಿ?"

"ಅಯ್ಯೋ, ಅಂಥಾದ್ದೇನೂ ಇಲ್ಲ."

"ನಿಮ್ಮ ತಟ್ಟೇಲಿ ಏನೇನಿರತ್ತೆ, ಅಷ್ಟು ಹೇಳಿ ಸಾಕು."

ಅವಳು ಬಾಯಿ ತೆರೆದಳು. ಕಣ್ಮುಂದೆ ಗಂಡನ ತಟ್ಟೆ ಬಂತು, ಮಗಳದು ಬಂತು, ಅತ್ತೆಯದೂ ಬಂತು.

"ನನಗೆ ತಟ್ಟೆ ಇಲ್ಲ," ಎಂದಳು. ಹೇಳಿದ ಮೇಲೆ ಅವಳಿಗೇ ಒಂಥರಾ ಆಯಿತು.

ನರ್ಸಮ್ಮ ನಗಲಿಲ್ಲ. "ಹಾಗಾದ್ರೆ ಉಪವಾಸ ಬೇಡ. ಬಾಯಿಗೆ ಹೋಗೋದನ್ನೆಲ್ಲ ಮೊದಲು ಒಂದು ತಟ್ಟೆಗೆ ಹಾಕಿ, ಕಣ್ಣಲ್ಲಿ ನೋಡಿ, ಕೂತ್ಕೊಂಡು ತಿನ್ನಿ. ಬೆಳಿಗ್ಗೆ ಹೊತ್ತು ನಡೀರಿ. ಮಾತಾಡೋಕೆ ಉಸಿರು ಉಳಿಯೋಷ್ಟು ನಿಧಾನವಾಗೇ ನಡೀರಿ."

ಅಂದು ಸಂಜೆ ಮೂರು ತಟ್ಟೆಗಳು ಎಂದಿನಂತೆ ಸರಿದು ಬಂದವು. ಅವಳು ನಾಲ್ಕನೆಯದೊಂದು ತಟ್ಟೆ ತೆಗೆದು, ಮೇಜಿಗೆ ಬಂದು ಕೂತು, ಎಲ್ಲರದನ್ನೂ ಅದಕ್ಕೆ ಸುರಿದಳು. ತಳದ ಅನ್ನವನ್ನೂ ಹಾಕಿದಳು. ಗುಡ್ಡೆಯಾಯಿತು. ಆ ಮನೆಯಲ್ಲಿ ಯಾರಿಗೂ ಅಷ್ಟು ಬಡಿಸಿದ್ದಿಲ್ಲ.

ಮಗಳು ಫೋನು ಕೆಳಗಿಟ್ಟಳು. "ಅಮ್ಮಾ, ಇದೆಲ್ಲಾ ಯಾರದು?"

"ನಿಮ್ಮದೇ. ದಿನಾ ಇಷ್ಟೇ ಇರತ್ತೆ. ನಾನೂ ಇವತ್ತೇ ನೋಡಿದ್ದು."

"ಬಿಸಾಡು ಅಂದ್ರೆ ನೀನೇ ಕೇಳಲ್ಲ," ಎಂದ ಗಂಡ.

"ಬೆವರು ಸುರಿಸಿ ತಂದಿದ್ದನ್ನ ಹೇಗ್ರೀ ಬಿಸಾಡ್ಲಿ?"

"ಹಂಗಂತ ಹೊಟ್ಟೇನ ಕಸದ ಡಬ್ಬಿ ಮಾಡ್ಕೊಳ್ಳೋದಾ?"

ಮಾತು ಆಡಿದವನಿಗೇ ಚುಚ್ಚಿತು. ಆಗ ಅತ್ತೆ ಹೇಳಿದರು: "ಅವಳು ಮಾಡ್ಕೊಂಡಿದ್ದಲ್ಲಪ್ಪ, ನಾವು ಮಾಡಿದ್ದು. ನಾನೂ ನಿಂತೇ ತಿಂದವಳು. ನೀನು ಚಿಕ್ಕೋನಿದ್ದಾಗ ಬಿಟ್ಟಿದ್ದೆಲ್ಲ ಎಲ್ಲಿಗೆ ಹೋಯ್ತು ಅನ್ಕೊಂಡಿದೀಯ? ಈ ಮಂಡಿಗಳನ್ನ ಕೇಳು, ಹೇಳ್ತವೆ." ಹಾಗೆಂದು ಕೈ ಚಾಚಿ, ತಮ್ಮ ಪಾಲಿನ ಅನ್ನವನ್ನು ಆ ಗುಡ್ಡೆಯಿಂದ ತಮ್ಮ ತಟ್ಟೆಗೇ ವಾಪಸು ತೆಗೆದುಕೊಂಡು ಸದ್ದಿಲ್ಲದೆ ತಿಂದರು.

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅತ್ತೆಯೂ ಕೋಲು ಹಿಡಿದು ಬಾಗಿಲಿಗೆ ಬಂದರು. "ಒಬ್ಬಳೇ ಹೋದ್ರೆ ಬೀದಿಯವರು ನಗ್ತಾರೆ. ಇಬ್ಬರು ಹೋದ್ರೆ ಏನೋ ಕೆಲಸ ಇರಬೇಕು ಅನ್ಕೋತಾರೆ." ಮೊದಮೊದಲು ಅತ್ತೆಯೇ ಮುಂದೆ. ದೀಪದ ಕಂಬದ ಹತ್ತಿರ ನಿಂತು, "ಬಾರೇ, ನನ್ನ ಕೋಲು ಬೇಕಾದ್ರೆ ತಗೋ," ಎಂದು ಛೇಡಿಸುವರು. ಅವಳಿಗೆ ಬಿದ್ದು ಬಿದ್ದು ನಗು, ನಕ್ಕರೆ ಮತ್ತೆ ಏದುಸಿರು. ವಾರಗಳು ಕಳೆದಂತೆ ಕಂಬದ ಹತ್ತಿರ ಕಾಯುವ ಸರದಿ ಅವಳದಾಯಿತು. ಅವಳೇನೂ ಬಳ್ಳಿಯಂತಾಗಲಿಲ್ಲ. ಬಟ್ಟೆ ಕೊಂಚ ಸಡಿಲವಾಯಿತು, ರಾತ್ರಿ ನಿದ್ದೆ ಹತ್ತಿತು. ಊಟದ ಹೊತ್ತಿಗೆ ಮಗಳೇ ನಾಲ್ಕು ತಟ್ಟೆ ಇಡತೊಡಗಿದಳು.

ಮಿಷನ್ನುಗಳು ಬಂದ ದಿನ ಅವಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಹಿಂದೊಮ್ಮೆ ಗೋಡೆ ಹಿಡಿದು ಕೂತಿದ್ದ ತಿರುವು ದಾಟಿದ್ದು ಅವಳಿಗೆ ತಿಳಿಯಲೇ ಇಲ್ಲ; ಯಾವ ಅಂಗಿಗೆ ಮೊದಲು ನೀರು ಚಿಮುಕಿಸಬೇಕು ಎಂಬ ಯೋಚನೆಯಲ್ಲಿದ್ದಳು. ಮೇಲೆ ಬುಟ್ಟಿ ಇಳಿಸಿ ತಿರುಗಿದರೆ, ಮಾಲೀಕ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಪಾಪ, ಅವಳು ಬಿದ್ದರೆ ಹಿಡಿಯೋಣವೆಂದು ಹಿಂದೆಯೇ ಹತ್ತಿ ಬಂದಿದ್ದ. ಮಾತಾಡಲು ಅವನಿಗೆ ಉಸಿರೇ ಇರಲಿಲ್ಲ.

"ನೀವೇ ಕುಡೀರಿ ಅಣ್ಣಾ," ಎಂದಳು. ಕಿಟಕಿ ತೆರೆದು ಒಂದು ಗಳಿಗೆ ಸುಮ್ಮನೆ ಗಾಳಿಗೆ ಮುಖ ಕೊಟ್ಟು ನಿಂತಳು.

ಅಂದು ಸಂಜೆ ಮನೆಯಲ್ಲಿ ಗಂಡ ಬ್ರೆಡ್ಡಿನ ಅರ್ಧ ತುಂಡು ಬಿಟ್ಟು, ಮಾತಿನ ಗುಂಗಿನಲ್ಲಿ ತಟ್ಟೆಯನ್ನು ಅವಳ ಕಡೆ ಸರಿಸಿದ. ಅದು ಅವಳ ತಟ್ಟೆಗೆ ತಾಗಿ ಟಣ್ ಎಂದಿತು. ಅವನು ಬೆಚ್ಚಿ, ಹಿಂದಕ್ಕೆ ಎಳೆದುಕೊಂಡು, ತುಂಡನ್ನು ಬಾಯಿಗೆ ಹಾಕಿಕೊಂಡ.

"ನಾಳೆಯಿಂದ ನಂಗೆ ಒಂಚೂರು ಕಡಿಮೆ ಬಡಿಸು," ಎಂದ.

"ನೀವೇ ಬಡಿಸ್ಕೊಳ್ಳಿ," ಎಂದಳು ಅವಳು, ತಟ್ಟೆಯಿಂದ ಕಣ್ಣೆತ್ತದೆ. "ನಾನು ಊಟ ಮಾಡ್ತಾ ಇರ್ತೀನಿ."