ಮೆಕುರಿಯಾ ಬರುವ ದಿನ

ಮೂರನೆಯ ಸಲ ಗೇಟು ಬಡಿಯಲು ಕೈಯೆತ್ತಿದ ಬಿರ್ಕೆ ಹಾಗೇ ನಿಂತುಬಿಟ್ಟಳು. ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿರುವುದು ಗೇಟಿನ ಸಂದಿಯಲ್ಲಿ ಕಾಣಿಸಿತು.

"ಅಯ್ಯೋ ದೇವರೇ, ಇವಳು ಮನೇಲೇ ಇಲ್ಲ!"

ಅವಳ ಹಿಂದೆ ಓಣಿಗೆ ಓಣಿಯೇ ನಿಂತಿತ್ತು. ಬಿಳಿ ಶಾಲಿನ ಬಣ್ಣದ ಅಂಚನ್ನು ಕತ್ತಿನ ಸುತ್ತ ಬರುವಂತೆ ತಿರುಗಿಸಿ, ಸಾವಿನ ಮನೆಗೆ ಹೊದೆಯುವ ಹಾಗೆ ಹೊದ್ದ ಹೆಂಗಸರು, ಕೋಲೂರಿದ ಗಂಡಸರು, ಟೆಂಟಿನ ಕಂಬ ಹೊತ್ತವರು. ಗುಲೆಲೆಯ ಈ ಓಣಿಯಲ್ಲಿ ಸಾವಿನ ಸುದ್ದಿಯನ್ನು ಯಾರಿಗೂ ಒಂಟಿಯಾಗಿ ಹೇಳುವುದಿಲ್ಲ. ಬೀದಿಯಲ್ಲಿ ಹೇಳುವುದಿಲ್ಲ, ಫೋನಿನಲ್ಲಂತೂ ಇಲ್ಲವೇ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಕೂಡಿ ಮನೆಗೇ ಹೋಗಿ, ಬಿದ್ದರೆ ಹಿಡಿಯಲು ಕೈಗಳಿರುವಾಗ ಹೇಳಬೇಕು. ಹಾಗಾಗಿ ಮೆಕುರಿಯಾ ದೂರದ ಮಲಾವಿಯ ಆಸ್ಪತ್ರೆಯೊಂದರಲ್ಲಿ ಎದೆನೋವಿನಿಂದ ತೀರಿಕೊಂಡದ್ದು ಮೊನ್ನೆಯಿಂದ ಎಲ್ಲರಿಗೂ ಗೊತ್ತಿತ್ತು, ಅವನ ಹೆಂಡತಿ ಅಸ್ಕಾಲೆಯೊಬ್ಬಳನ್ನು ಬಿಟ್ಟು.

ಮುಚ್ಚಿಡುವುದರಲ್ಲಿ ಈ ಜನ ಗಟ್ಟಿಗರು. ಮೆಕುರಿಯಾನ ತಮ್ಮ ಜೆಗೆಯೆ, "ಅಣ್ಣ ಹಳ್ಳಿ ಕಡೆ ಇದ್ದಾನೆ ಅತ್ತಿಗೆ, ಅಲ್ಲಿ ಫೋನ್ ಹತ್ತಲ್ಲ" ಎಂದು ಎರಡು ದಿನ ದೂಡಿದ್ದ. ಅಂಗಡಿಯವನು ಅಸ್ಕಾಲೆ ಬಂದರೆ ಬೆನ್ನು ತಿರುಗಿಸಿ ಸಕ್ಕರೆ ತೂಗುತ್ತಿದ್ದ. ನಿನ್ನೆ ಸಂಜೆ ಅವಳ ಅಡುಗೆಮನೆಯಲ್ಲಿ ಕೂತು, ಬರುವ ಗಂಡನಿಗೆಂದು ಕೋಳಿ ಸಾರಿಗೆ ರಾಶಿ ಈರುಳ್ಳಿ ಹೆಚ್ಚಿಕೊಟ್ಟವಳು ಬಿರ್ಕೆಯೇ. ಅಳುವುದಕ್ಕೆ ಅದೊಂದು ನೆಪ ಸಿಕ್ಕಿತ್ತು.

"ಎಲ್ಲಿಗೆ ಹೋಗಿರ್ತಾಳೆ?" ಎಂದ ಶಿಬೆಶಿ. ಓಣಿಯವರ ಸಾವಿನ ಸಂಘಕ್ಕೆ, ಅಂದರೆ ಇದ್ದಿರ್‌ಗೆ, ಅವನೇ ಹಿರಿಯ; ಎಲ್ಲರೂ ಅವನನ್ನು ಗೌರವದಿಂದ ಗಾಶೆ ಎನ್ನುತ್ತಾರೆ. ಟೆಂಟು, ಬೆಂಚು, ದೊಡ್ಡ ಪಾತ್ರೆಗಳು, ಹೆಣ ಹೊರುವ ಹೆಗಲುಗಳು ಎಲ್ಲ ಅವನ ಮಾತಿನಂತೆ ನಡೆಯುತ್ತವೆ.

ಅಂಗಡಿಯವನು ಮೆಲ್ಲಗೆ ಬಾಯಿಬಿಟ್ಟ. "ಕತ್ತಲಿರೋವಾಗ್ಲೇ ಟ್ಯಾಕ್ಸಿ ಹತ್ತಿದ್ರು ಗಾಶೆ. ಹೊಸ ಬಟ್ಟೆ ಉಟ್ಕೊಂಡು. ಯಜಮಾನರನ್ನ ಕರ್ಕೊಂಡ್ ಬರೋಕೆ ಬೊಲೆ ವಿಮಾನ ನಿಲ್ದಾಣಕ್ಕೆ ಹೋಗ್ತೀನಿ ಅಂದ್ರು."

ಮದುವೆಯಾದಾಗಿನಿಂದ ಅವಳು ವಿಮಾನ ನಿಲ್ದಾಣದ ಮುಖ ನೋಡಿದವಳಲ್ಲ. ಇಂಥ ದಿನವೇ ಹೋಗಬೇಕೇ? ಮೆಕುರಿಯಾ ಬರಬೇಕಾಗಿದ್ದದ್ದು ಬೆಳಗಿನ ವಿಮಾನಕ್ಕೆ. ಅವನ ಹೆಣದ ಪೆಟ್ಟಿಗೆ ಬರುವುದೂ ಅದೇ ವಿಮಾನಕ್ಕೆ. ನಿಲ್ದಾಣದ ಹಿಂದುಗಡೆ ಸಾಮಾನು ಇಳಿಸುವ ಗೇಟಿನಲ್ಲಿ ಜೆಗೆಯೆ ವ್ಯಾನು ಇಟ್ಟುಕೊಂಡು ಕಾದಿದ್ದ.

"ಅದಕ್ಕೇ ಮೊನ್ನೇನೇ ಹೇಳ್ಬಿಡೋಣ ಅಂದೆ," ಎಂದಳು ಬಿರ್ಕೆ. "ಹೆಣ ಬರ್ಲಿ, ಹೆಣ ಬರ್ಲಿ ಅಂತ ನೀವೇ ಕೂತ್ರಿ."

"ನನ್ನ ಮೇಲೆ ಯಾಕಮ್ಮಾ ಹಾರ್ತೀಯ? ತಮ್ಮನೇ ಬೇಡ ಅಂದ. ನೋಡು, ಮೆಕುರಿಯಾ ಒಂದು ದಿನಾನಾದ್ರೂ ನಮ್ಮ ಜೊತೆ ಬೆಂಚಿನ ಮೇಲೆ ಕೂತವನಾ? ನಮ್ಮಪ್ಪ ಸತ್ತಾಗ ಬಂದ್ನಾ? ಊರೂರಿಗೆ ಹೋಗಿ ಬಡವರಿಗೆ ಸಂಘ ಕಟ್ಟಿಕೊಡ್ತಾನಂತೆ. ಸ್ವಂತ ಓಣಿಯ ಸಂಘಕ್ಕೆ ಮುಖ ತೋರ್ಸಲ್ಲ. ಇವತ್ತು ಇಷ್ಟು ಜನ ಎದ್ದು ಬಂದಿದ್ದು ಅಸ್ಕಾಲೆ ಮುಖ ನೋಡ್ಕೊಂಡು."

"ಗಾಶೆ, ಜೆಗೆಯೆ ಹೇಳಿದ್ದು ಕೇಳಿದ್ರಾ?" ಎಂದಳು ಬಿರ್ಕೆ. "ಮಲಾವಿಯ ಆ ಊರಿನ ಹೆಂಗಸ್ರು ಲಾರಿ ಹತ್ಕೊಂಡು ಆಸ್ಪತ್ರೆಗೆ ಬಂದ್ರಂತೆ. ಪೆಟ್ಟಿಗೆ ವಿಮಾನ ಹತ್ತೋವರ್ಗೂ ಶವಾಗಾರದ ಮುಂದೆ ನೆಲದ ಮೇಲೆ ಕೂತಿದ್ರಂತೆ, ಒಬ್ಬನ್ನೇ ಬಿಡಬಾರ್ದು ಅಂತ."

ಶಿಬೆಶಿ ಜೇಬಿನಿಂದ ಟ್ಯಾಕ್ಸಿಯ ದುಡ್ಡು ತೆಗೆದು ಬಿರ್ಕೆಯ ಕೈಗಿಟ್ಟು, "ಹೋಗು, ಕರ್ಕೊಂಡ್ ಬಾ. ದಾರೀಲಿ ಬಾಯಿ ಬಿಟ್ಟೀಯ, ಹುಷಾರು," ಎಂದ.

*

ಮೆಕುರಿಯಾ ಮೊದಲು ಬ್ಯಾಂಕಿನ ಗುಮಾಸ್ತನಾಗಿದ್ದ. ಆಮೇಲೆ ಸಲಹೆಗಾರನಾದ. ಅಡವಿಡಲು ಏನೂ ಇಲ್ಲದವರಿಗೆ ಸಾಲ ಸಿಗುವುದು ಹೇಗೆ ಎಂದು ದೇಶದೇಶಗಳಿಗೆ ಹೋಗಿ ಹೇಳಿಕೊಡುವುದು ಅವನ ಕೆಲಸ. ಝಾಂಬಿಯಾ, ಮಾಲಿ, ಮಲಾವಿ ಎಂದು ಅವನು ಸುತ್ತುತ್ತಿದ್ದ. ಮನೆಯಲ್ಲಿ ಅಸ್ಕಾಲೆ ಒಬ್ಬಳೇ. ಮಕ್ಕಳಾಗಿರಲಿಲ್ಲ.

ಒಂದು ಮಳೆಗಾಲ ಅವನು ಮನೆಯಲ್ಲಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಮಳೆ ತಗಡಿನ ಮೇಲೆ ಧೋ ಎಂದು ಸುರಿಯತೊಡಗಿತು. ತುತ್ತು ಬಾಯಿಗಿಡಲು ಹೊರಟವನು ತಟ್ಟೆಯಲ್ಲೇ ಇಟ್ಟು ಎದ್ದು ಅಂಗಳಕ್ಕೆ ಹೋಗಿ ನಿಂತ. ನೆನೆದು ತೊಪ್ಪೆಯಾದರೂ ಒಳಗೆ ಬರಲಿಲ್ಲ.

"ತಲೆ ಕೆಟ್ಟಿದ್ಯಾ ನಿಂಗೆ? ಒಳಗೆ ಬಾ!"

"ಆ ಸದ್ದು ಕೇಳೋಕಾಗಲ್ಲ ಕಣೆ."

ಅವಳು ಟವಲು ಹಾಕಿ ಎಳೆದುಕೊಂಡು ಬಂದು ಕೂರಿಸಿದ ಮೇಲೆ ಹೇಳಿದ. ಮಲಾವಿಯ ಒಂದು ಹಳ್ಳಿಯಲ್ಲಿ ಎನೆಲೆಸ್ ಅಂತ ಒಬ್ಬಳು. ಐದು ಜನ ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ತೆಗೆದಿದ್ದರು. ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಎನೆಲೆಸಳ ಮಗುವಿಗೆ ಜ್ವರ ಬಂತು, ಕೈಯಲ್ಲಿದ್ದದ್ದು ಔಷಧಿಗೆ ಹೋಯಿತು, ಕಂತು ತಪ್ಪಿತು.

"ಉಳಿದ ನಾಲ್ವರು ಬಂದು ಅವಳ ಮನೆ ಮೇಲಿನ ತಗಡು ಬಿಚ್ಕೊಂಡು ಹೋಗಿ ಮಾರಿದ್ರು. ಯಾರೋ ಗೂಂಡಾಗಳಲ್ಲ ಅಸ್ಕಾಲೆ. ಜೊತೇಲಿ ನೀರು ತರೋ ಗೆಳತಿಯರು. ಹಾಗೆ ಮಾಡೋ ಹಾಗೆ ನಿಯಮ ಬರೆದೋನು ನಾನು. ಒಂದು ಕಂತೂ ಬಾಕಿ ಇಲ್ಲ ಅಂತ ರಾಜಧಾನೀಲಿ ನಂಗೆ ಚಪ್ಪಾಳೆ ತಟ್ಟಿದ್ರು. ಅದೇ ವಾರ ಅಲ್ಲಿ ಮಳೆ ಹಿಡ್ಕೊಂಡಿತ್ತು."

"ಮಗು?"

ಅವನು ತಲೆ ಅಲ್ಲಾಡಿಸಿದ.

ಅಸ್ಕಾಲೆ ಕೇಳಿದಳು, "ನೀನು ಅವಳ ಮನೆಗೆ ಹೋಗಿ ಕೂತ್ಯಾ?"

"ಇಲ್ಲ. ಕಾರಿನಿಂದಾನೇ ನೋಡ್ದೆ. ಇಳಿಯೋಕೆ ಧೈರ್ಯ ಬರ್ಲಿಲ್ಲ."

"ಥೂ, ಮಗು ಸತ್ತ ಮನೇಲಿ ಕೂರದೆ ಬರ್ತಾರಾ ಯಾರಾದ್ರೂ? ಮೊದ್ಲು ಹೋಗಿ ಕೂತು ಬಾ."

ಅವನು ಹೋಗಿ ಕೂತು ಬಂದ. ಅಂದಿನಿಂದ ಯಾವ ಸಭೆಗೆ ಕರೆದರೂ ಆ ಮನೆಯ ಮಾತೇ ಎತ್ತುತ್ತಿದ್ದ. ಚಪ್ಪಾಳೆ ನಿಂತಿತು, ಕರೆಯುವವರು ಕಡಿಮೆಯಾದರು. ಹೊರಗಿನ ಸಾಲ ಬೇಡ, ನಿಮ್ಮದನ್ನೇ ಕೂಡಿಡಿ, ಕಾಯಿಲೆ ಬಿದ್ದವಳಿಗೆ ಮೊದಲು ಕೊಡಿ ಎಂದು ಹಳ್ಳಿಹಳ್ಳಿ ಸುತ್ತಿ ಹೇಳುತ್ತ ಸವೆದ. ಎನೆಲೆಸಳ ಊರಿಗೆ ಪ್ರತಿ ವರ್ಷ ಹೋಗುತ್ತಿದ್ದ. ಈ ಸಲ ಹೋದದ್ದೂ ಅಲ್ಲಿಗೇ.

ಗುಲೆಲೆಯ ಓಣಿಯಲ್ಲಿ ಯಾರು ಸತ್ತರೂ ಅಸ್ಕಾಲೆ ಇಬ್ಬರ ಪಾಲಿಗೂ ತಾನೇ ಹೋಗಿ ಕೂತು ಬರುತ್ತಿದ್ದಳು.

*

ಬಿರ್ಕೆ ಟ್ಯಾಕ್ಸಿಯಲ್ಲೇ ಶಾಲನ್ನು ಬಿಚ್ಚಿ, ಅಂಚು ಕೆಳಗೆ ಇಳಿಬೀಳುವಂತೆ ಎಂದಿನ ಹಾಗೆ ಹೊದ್ದುಕೊಂಡಳು. ಬೊಲೆಯಲ್ಲಿ ಇಳಿದು, ಬಂದವರು ಹೊರಬರುವ ಬಾಗಿಲ ಕಡೆ ಓಡಿದಳು.

ಅಸ್ಕಾಲೆ ಕಟಕಟೆಗೆ ಆತುಕೊಂಡು ನಿಂತಿದ್ದಳು. ಜಡೆ ಹೊಸದಾಗಿ ಹೆಣೆಸಿಕೊಂಡಿದ್ದಳು, ಕಣ್ಣಿಗೆ ಕಾಡಿಗೆ. ಬಟ್ಟೆಯಲ್ಲಿ ಸುತ್ತಿದ ಮನೆಯ ರೊಟ್ಟಿ ಕಂಕುಳಲ್ಲಿ. ಒಬ್ಬೊಬ್ಬರು ಹೊರಬಂದಾಗಲೂ ಕತ್ತು ಉದ್ದ ಮಾಡಿ ನೋಡುತ್ತಿದ್ದಳು.

"ನೀನ್ಯಾಕೆ ಬಂದೆ?" ಅಸ್ಕಾಲೆ ನಕ್ಕಳು. "ಎಲ್ರೂ ಇಳಿದ್ರು, ಇವನದ್ದು ಪತ್ತೇನೇ ಇಲ್ಲ. ಒಳಗೆ ಯಾರನ್ನೋ ಹಿಡ್ಕೊಂಡು ಭಾಷಣ ಮಾಡ್ತಿರ್ಬೇಕು."

"ಆ ವಿಮಾನ ತಪ್ಪಿಹೋಯ್ತಂತೆ. ಜೆಗೆಯೆ ಫೋನ್ ಮಾಡಿದ್ದ. ಸಂಜೇದಕ್ಕೆ ಬರ್ತಾನಂತೆ. ನಡಿ ಮನೆಗೆ."

"ನೋಡ್ದ್ಯಾ ಇವನ ಹಣೆಬರಹಾನ! ಕೊನೇ ಸಲಾನೂ ತಪ್ಪಿಸ್ಕೊಂಡ."

ಟ್ಯಾಕ್ಸಿ ಹತ್ತಿದ ಮೇಲೆ ಅವಳ ಬಾಯಿಗೆ ಬಿಡುವೇ ಇಲ್ಲ. "ಇನ್ಮೇಲೆ ಎಲ್ಲಿಗೂ ಹೋಗಲ್ಲ ಅಂತ ಸೇಂಟ್ ಮೇರಿ ಮೇಲೆ ಆಣೆ ಇಟ್ಟಿದ್ದಾನೆ ಗೊತ್ತಾ? ಹೊರಡೋ ದಿನ ನಾನು ಚೆನ್ನಾಗಿ ಬೈದೆ. ಎಲ್ಲ ಊರಿನ ಹೆಂಗಸರ ಜೊತೆ ಕೂರ್ತೀಯ, ನನ್ನ ಪಕ್ಕ ಒಂದು ದಿನ ಕೂತಿದ್ದೀಯಾ, ಜನ ನನ್ನ ವಿಧವೆ ಅನ್ಕೊಂಡಿದ್ದಾರೆ ಅಂದೆ. ಬಂದ ಮೇಲೆ ನಮ್ಮ ಓಣಿಯ ಮೊದಲನೇ ಟೆಂಟಿನಲ್ಲಿ ನಿನ್ನ ಪಕ್ಕಾನೇ ಕೂರ್ತೀನಿ ಅಂದ. ಸುಳ್ಳಾ ಅಂದೆ. ಇಲ್ಲ ಕಣೆ, ನಿಜವಾಗ್ಲೂ ಅಂದ."

ಬಿರ್ಕೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಇವಳು ಹೀಗೆ ನಗುನಗುತ್ತ ಹೋಗಿ ಅಷ್ಟು ಜನರ ನಡುವೆ ಬೀಳುವುದಕ್ಕಿಂತ, ಇಲ್ಲೇ ತನ್ನ ಮಡಿಲಲ್ಲಿ ಬಿದ್ದು ಅತ್ತರೆ ವಾಸಿಯಲ್ಲವೇ? ಮುಂದೆ ಕೂತ ಚಾಲಕನ ತಲೆ ನೋಡಿದಳು. ಬಾಯಿ ಮುಚ್ಚಿಕೊಂಡಳು.

"ಏನೇ, ಕಣ್ಣು ಕೆಂಪಗಿದೆ?"

"ಈರುಳ್ಳಿ."

"ಈರುಳ್ಳಿ ಹೆಚ್ಚಿದ್ದು ನಿನ್ನೆ ಕಣೆ." ಅಸ್ಕಾಲೆ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. "ಗಂಡ ಜಗಳ ಆಡಿದ್ನಾ? ಹೇಳು, ಬಂದು ಉಗೀತೀನಿ ಅವನಿಗೆ."

ಬಿರ್ಕೆ ಇಲ್ಲವೆಂದು ತಲೆಯಾಡಿಸಿದಳು. ಅಸ್ಕಾಲೆ ರೊಟ್ಟಿಯ ಒಂದು ಚೂರು ಮುರಿದು ಅವಳ ಬಾಯಿಗಿಟ್ಟಳು. ಬಿರ್ಕೆ ಅದನ್ನು ಅಗಿದು ನುಂಗಿದಳು.

*

ಓಣಿ ಇಕ್ಕಟ್ಟು. ಯಾರ ಮನೆಯಲ್ಲಿ ಸಾವಾದರೂ ಟೆಂಟು ಹಾಕಲು ತಿರುವಿನ ಅಗಲವೊಂದೇ ಜಾಗ. ಟ್ಯಾಕ್ಸಿ ಓಣಿಗೆ ತಿರುಗುತ್ತಲೇ ಅದರ ಬಿಳಿ ಬಟ್ಟೆ ಕಾಣಿಸಿತು.

"ನಿಲ್ಸಪ್ಪಾ, ನಿಲ್ಸು!" ಅಸ್ಕಾಲೆ ಚಾಲಕನ ಭುಜ ತಟ್ಟಿದಳು. "ಸಾವಿನ ಮನೆ ಮುಂದೆ ಕಾರಲ್ಲಿ ಹೋಗ್ತಾರಾ ಯಾರಾದ್ರೂ?" ಇಳಿದು ಬಿರ್ಕೆಯ ಕಡೆ ತಿರುಗಿದಳು. "ಎಮಾಮಾ ದಿಂಕೆ ಹೋಗ್ಬಿಟ್ರು ಅಲ್ವಾ? ಅದಕ್ಕೇ ನಿನ್ನ ಕಣ್ಣು ಹೀಗಾಗಿದೆ. ನಂಗೆ ಹೇಳೋದು ಬೇಡ್ವೇನೇ ಪಾಪಿ?"

ಎಮಾಮಾ ದಿಂಕೆ ಎದುರು ಮನೆಯ ಅಜ್ಜಿ. ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಅವಳಿಗೆ ದಿನಾ ಗಂಜಿ ಕುಡಿಸುತ್ತಿದ್ದವಳು ಅಸ್ಕಾಲೆ. ಬಿರ್ಕೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅವಳ ತೋಳು ಹಿಡಿದುಕೊಂಡಳು.

ಅಸ್ಕಾಲೆ ನಡುಬೀದಿಯಲ್ಲೇ ನಿಂತು ಶಾಲನ್ನು ಬಿಚ್ಚಿದಳು. ತಿರುಗಿಸಿ, ಅಂಚನ್ನು ಕತ್ತಿನ ಸುತ್ತ ತಂದು, ಸಾವಿನ ಮನೆಗೆ ಹೊದೆಯುವ ಹಾಗೆ ಹೊದ್ದಳು. ಕಾಡಿಗೆಯನ್ನು ಅಂಗೈಯಿಂದ ಒರೆಸಿಕೊಂಡಳು.

"ಸಂಜೆ ಅವನು ಬಂದ ತಕ್ಷಣ ಇಲ್ಲಿಗೇ ಕರ್ಕೊಂಡ್ ಬರ್ತೀನಿ," ಎಂದಳು. "ಬಟ್ಟೆ ಬದಲಾಯ್ಸೋಕೂ ಬಿಡಲ್ಲ. ಎಮಾಮಾ ಅವನನ್ನ ಎತ್ತಿ ಆಡಿಸಿದವರು."

ಆಮೇಲೆ, ಹತ್ತಿರದವರು ಸತ್ತಾಗ ಅಳುತ್ತ ಬರಬೇಕಾದ ರೀತಿಯಲ್ಲಿ, ಎದೆ ಬಡಿದುಕೊಂಡು ಗಟ್ಟಿಯಾಗಿ ಅಳುತ್ತ ಹೊರಟಳು. "ಎಮಾಮಾ, ನನ್ನ ತಾಯೀ, ನಿನ್ನೆ ನನ್ನ ಕೈಯಿಂದ ಗಂಜಿ ಕುಡಿದ್ರಲ್ಲಾ! ನನಗೊಂದು ಮಾತು ಹೇಳ್ದೆ ಹೋದ್ರಲ್ಲಾ!"

ಟೆಂಟಿನೊಳಗೆ ಗಂಡಸರೆಲ್ಲ ಎದ್ದು ನಿಂತರು. ಬೇಯುತ್ತಿದ್ದ ಗೋಧಿ ಕಡಲೆಯ ಪಾತ್ರೆಯ ಬಳಿ ಹೆಂಗಸರು ಸೌಟು ಕೆಳಗಿಟ್ಟರು. ಶಿಬೆಶಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಯಾರೂ ಅವಳ ಅಳುವಿಗೆ ದನಿ ಕೂಡಿಸಲಿಲ್ಲ. ಅವಳ ದನಿಯೊಂದೇ ಟೆಂಟಿನ ತುಂಬ ಕೇಳಿಸುತ್ತಿತ್ತು.

ಜನ ಸರಿದು ದಾರಿ ಬಿಟ್ಟರು. ನಡುವೆ, ಮಂಚದ ಸಮೇತ ಹೊತ್ತು ತಂದು ಕೂರಿಸಿದ್ದ ಎಮಾಮಾ ದಿಂಕೆ, ಬಿಳಿ ಶಾಲಿನ ಅಂಚನ್ನು ಕತ್ತಿನ ಸುತ್ತ ಹೊದ್ದು, ಬಿಚ್ಚುಗಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು.

ಅಸ್ಕಾಲೆಯ ಅಳು ಅಲ್ಲೇ ನಿಂತಿತು. ಅಜ್ಜಿಯ ಮುಖವನ್ನು ನೋಡಿದಳು. ಶಿಬೆಶಿಯ ಮುಖ ನೋಡಿದಳು. ಬೆಂಚು ಬೆಂಚಿನ ಮೇಲೂ ಕಣ್ಣಾಡಿಸುತ್ತ, ಯಾರಿಲ್ಲ, ಯಾರಿಲ್ಲ ಎಂದು ಒಬ್ಬೊಬ್ಬರನ್ನೂ ಹುಡುಕುತ್ತ ಹೋದಳು. ಓಣಿಯ ಎಲ್ಲ ಮನೆಯವರೂ ಇದ್ದರು.

ಎಮಾಮಾ ದಿಂಕೆ ಎರಡೂ ಕೈಗಳನ್ನು ಅವಳ ಕಡೆ ಚಾಚಿದಳು.

"ಬಾ ಮಗಳೇ."