ಹದಿನಾರನೇ ಸಾಲಿನ ಸಹಿ

ಹನ್ನೆರಡು ಗ್ರಹಗಳನ್ನು ನುಂಗಿ ನೀರು ಕುಡಿದವನಿಗೆ ಒಂದು ಲಿಫ್ಟ್ ರಿಪೇರಿ ಮಾಡಿಸುವ ಯೋಗ್ಯತೆ ಇರಲಿಲ್ಲ. ಹತ್ತೊಂಬತ್ತು ದಿನದಿಂದ ಇದೇ ರಗಳೆ.

ಕಟ್ಟಡದವರೆಲ್ಲ ಅವನನ್ನು ಗ್ರಹನುಂಗಣ್ಣ ಎನ್ನುತ್ತಿದ್ದರು. ಸಾಮ್ರಾಜ್ಯ ಮಣ್ಣುಪಾಲಾಗಿ ಆರು ವರ್ಷವಾಗಿತ್ತು. ಈಗ ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ಮಂಡಿನೋವಿನ ಅಮ್ಮ, ಎಂಟು ವರ್ಷದ ಮಗಳು. ಕಬ್ಬಿಣದ ಕವಚವನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಲಿಫ್ಟ್ ಕೆಟ್ಟಿದ್ದೇ ಆ ಕವಚದ ಭಾರಕ್ಕೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎದುರಿಗೆ ಹೇಳುವ ಗುಂಡಿಗೆ ಯಾರಿಗಿದೆ?

ಇವತ್ತು ನಾಲ್ಕು ಗಂಟೆಗೆ ಎದುರು ರಸ್ತೆಯ ಶಾಲೆಯಲ್ಲಿ ಮಗಳು ಮೊದಲ ಸಲ ವೇದಿಕೆ ಹತ್ತಿ ಹಾಡುವವಳಿದ್ದಳು. ಹಾಡು ಕಲಿಸಿದ ಅಜ್ಜಿ ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಅಮ್ಮಾ, ನಾನೇ ಎತ್ಕೊಂಡು ಇಳಿಸ್ತೀನಿ."

"ಆ ಕಬ್ಬಿಣದ ಮೇಲೆ ಕೂತು ಸೊಂಟಾನೂ ಮುರ್ಕೊಳ್ಲಾ? ಸುಮ್ನೆ ಹೋಗಿ ಲಿಫ್ಟ್ ಮಾಡಿಸು."

ಲಿಫ್ಟ್ ರಿಪೇರಿಯವನು ಕೆಳಗೆ ಚೀಲ ಹಿಡಿದು ನಿಂತಿದ್ದ. ಹದಿನಾರು ಮನೆಯವರೂ ಒಂದೇ ಕಾಗದದಲ್ಲಿ ಸಹಿ ಹಾಕದೆ ಅವನು ಒಂದು ತಿರುಪನ್ನೂ ಮುಟ್ಟುವಂತಿಲ್ಲ. ಹದಿನೈದು ಸಹಿ ಬಿದ್ದಿದ್ದವು. ಉಳಿದದ್ದು ನೆಲಮಹಡಿಯ ಮಿದುಳು.

ಅದು ಗಾಜಿನ ಜಾಡಿಯೊಳಗಿನ ಬರೀ ಮಿದುಳು; ಜಾಡಿಗೆ ನಾಲ್ಕು ಚಕ್ರ, ಒಂದು ತಗಡಿನ ಕೈ. ಮನುಷ್ಯಕುಲವನ್ನೇ ಗುಲಾಮಗಿರಿಗೆ ತಳ್ಳಲು ಹೊರಟಿದ್ದ ಪುಣ್ಯಾತ್ಮ. ಈಗ ಕಿಟಕಿಯಲ್ಲಿ ನಿಂತು ಯಾರು ಕಸ ಎಲ್ಲಿ ಹಾಕಿದರು ಎಂದು ನೋಡುವುದೇ ಅದರ ಉದ್ಯೋಗ.

"ಶರಣಾಗು! ಮೂರು ನಿಮಿಷ ಟೈಮ್ ಕೊಟ್ಟಿದ್ದೀನಿ," ಎಂದ ಗ್ರಹನುಂಗಣ್ಣ. ಹಾಳು ಅಭ್ಯಾಸ. "ಅಂದ್ರೆ... ಸಹಿ ಹಾಕು."

ಜಾಡಿಯಲ್ಲಿ ಗುಳ್ಳೆ ಎದ್ದವು. "ನಿನ್ನ ಹೆಸರು ಮೇಲಿದೆ. ಸೋತವರು ತಾನೇ ಕೆಳಗೆ ಸಹಿ ಹಾಕೋದು? ನಾನು ಸೋತಿಲ್ಲ."

"ಇದು ಯುದ್ಧದ ಒಪ್ಪಂದ ಅಲ್ಲ ಮಾರಾಯಾ, ಲಿಫ್ಟ್ ಕಾಗದ!"

"ಹಾಗಾದ್ರೆ ನೀನೇ ಕೆಳಗೆ ಹಾಕು."

ಗ್ರಹನುಂಗಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ದೊರೆಗಳು ಅವನ ಹೆಸರಿನ ಕೆಳಗೆ ಸಹಿ ಹಾಕಿದ್ದರು. ಅವನು ಯಾರ ಕೆಳಗೂ ಹಾಕಿದವನಲ್ಲ.

"ಮೂರಕ್ಕೆ ನಾನು ಹೊರಡ್ತೀನಿ ಸಾರ್," ಎಂದ ರಿಪೇರಿಯವನು. "ನೀವಿಬ್ರೂ ಇದನ್ನ ಬಗೆಹರಿಸ್ಕೊಳ್ಳೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ."

ಹಲ್ಲು ಕಡಿಯುತ್ತ ಗ್ರಹನುಂಗಣ್ಣ ನಾಲ್ಕು ಮಹಡಿ ಹತ್ತಿ ಬಂದ. ಅಮ್ಮ ಹಾಡಿನ ಚೀಟಿ ಹಿಡಿದು ತುಟಿ ಆಡಿಸುತ್ತಿದ್ದಳು.

"ಮೂರನೇ ಸಾಲು ಮರೀತಾಳೆ ಕಣೋ ಅವಳು. ನಾನು ಎದುರಿಗೆ ಕೂತಿದ್ರೆ ನನ್ನ ಬಾಯಿ ನೋಡ್ಕೊಂಡು ಹಾಡ್ತಾಳೆ. ಲಿಫ್ಟ್ ಆಯ್ತಾ?"

ಅವನಿಗೆ ನಾಚಿಕೆಯಾಯಿತು. ಗ್ರಹಗಳು ಉರಿದಾಗಲೂ ಹೀಗಾಗಿರಲಿಲ್ಲ. ಹೊಸ ಹಾಳೆ ತೆಗೆದುಕೊಂಡು ಮತ್ತೆ ಇಳಿದ.

"ತಗೋ, ಮೊದಲನೇ ಸಾಲು ನಿಂದೇ."

ಮಿದುಳು ಬಹಳ ಹೊತ್ತು ಗುಳ್ಳೆ ಬಿಟ್ಟಿತು, ಆಮೇಲೆ ತಗಡಿನ ಕೈಯಿಂದ ದೊಡ್ಡದಾಗಿ ಸಹಿ ಹಾಕಿತು. ಉಳಿದವರು ಗೊಣಗುತ್ತ ಇನ್ನೊಮ್ಮೆ ಹಾಕಿದರು. ಹದಿನಾರನೇ ಸಾಲಿನಲ್ಲಿ ಜಾಗ ಸಾಲದೆ ಗ್ರಹನುಂಗಣ್ಣ ತನ್ನ ಹೆಸರನ್ನು ಚಿಕ್ಕದಾಗಿ ಬರೆದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಲಿಫ್ಟ್ ಮೇಲೆ ಬಂತು. ಅಮ್ಮ ಒಳಗೆ ಹೋದಳು. ಅವನೂ ಕಾಲಿಟ್ಟ.

"ನೀನೆಲ್ಲಿಗೆ?" ಅಮ್ಮ ಅವನ ಎದೆಗವಚಕ್ಕೆ ಕೈ ಕೊಟ್ಟು ಆಚೆ ತಳ್ಳಿದಳು. "ನೀನು ಹತ್ತಿದ್ರೆ ಮತ್ತೆ ಕೆಡತ್ತೆ. ಮೆಟ್ಟಿಲಲ್ಲಿ ಬಾ."

ಅವನು ಏದುಸಿರು ಬಿಡುತ್ತ ಸಭಾಂಗಣ ಸೇರುವ ಹೊತ್ತಿಗೆ ಹಾಡು ಶುರುವಾಗಿತ್ತು. ಮೂರನೇ ಸಾಲಿಗೆ ಮಗಳು ತಡವರಿಸಿ ನಿಂತಳು. ವೇದಿಕೆಯ ಎದುರಿನ ಕುರ್ಚಿಯಲ್ಲಿ ಅಜ್ಜಿಯ ತುಟಿ ಆಡಿತು. ಹಾಡು ಮುಂದೆ ಹೋಯಿತು.

ಅವನ ಮುಂದೆ ಕೊನೆಯ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ತಿರುಗಿ ಗದರಿದಳು. "ಸ್ವಲ್ಪ ಮೆಲ್ಲಗೆ ಉಸಿರಾಡ್ರೀ, ಮಗು ಹಾಡೋದು ಕೇಳಿಸ್ತಿಲ್ಲ."

ಹನ್ನೆರಡು ಗ್ರಹ ನುಂಗಿದವನು ಹಾಡು ಮುಗಿಯುವವರೆಗೆ ಉಸಿರು ಬಿಗಿಹಿಡಿದು ನಿಂತ.